ನಿಮಗೆ ಎಷ್ಟು ಮಂದಿ ಅಪ್ಪಂದಿರು?

ಹೋದ ಸೆಮಿಸ್ಟರ್ ಕೊನೆಯಲ್ಲಿ ನಮಗೆ ಮೂರು ದಿನದ ಪ್ಲೇಸ್‌ಮೆಂಟ್ ತರಬೇತಿ ಇತ್ತು. ಮೂರನೇ ದಿನ ಅಣಕು ಸಂದರ್ಶನ. ‘ನಿಮ್ಮ ಬಗ್ಗೆ ಹೇಳಿ’ ಎನ್ನುವ ಪ್ರಶ್ನೆಗೆ ಎರಡು ವಾರದಿಂದ ಉತ್ತರ ಬಾಯಿಪಾಠ ಮಾಡಿದ್ದೆ. ಹೆಸರು, ಊರು, ಶಹಾಪುರದಲ್ಲಿ ಓದಿದ ಹೈಸ್ಕೂಲು, ಮಿನಿ ಪ್ರಾಜೆಕ್ಟು ಎಲ್ಲವೂ ಇಂಗ್ಲಿಷಿನಲ್ಲಿ ಸರಾಗವಾಗಿ ಬಂದವು. ಅಷ್ಟರಲ್ಲಿ ತರಬೇತಿಗೆ ಬಂದಿದ್ದವರು ಬಾಯಿಪಾಠದಲ್ಲಿ ಇಲ್ಲದ ಪ್ರಶ್ನೆ ಕೇಳಿದರು. ಅಪ್ಪ ಏನು ಮಾಡುತ್ತಾರೆ? ನಾನು ತಡವರಿಸದೆ ‘ಮೈ ಫಾದರ್ ಆರ್ ಎ ಫಾರ್ಮರ್ ಸರ್. ದೇ ಆರ್ ಗ್ರೋಯಿಂಗ್ ಕಾಟನ್’ ಎಂದೆ. ಅವರು ನಕ್ಕು ಕನ್ನಡದಲ್ಲೇ ಕೇಳಿದರು: ‘ನಿಮಗೆ ಎಷ್ಟು ಮಂದಿ ಅಪ್ಪಂದಿರು?’

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ರಾತ್ರಿ ಹಾಸ್ಟೆಲಿನಲ್ಲಿ ಮಾತ್ರ ನಿದ್ದೆ ಬರಲಿಲ್ಲ.

ಬೇಸರ ಆಗಿದ್ದು ನಗುವಿಗಲ್ಲ. ನನಗೆ ಆ ನಿಯಮ ಗೊತ್ತಿತ್ತು. ವಿಟಿಯುನ 2022ರ ಸ್ಕೀಮಿನಲ್ಲಿ ಮೊದಲ ವರ್ಷ ಇಂಗ್ಲಿಷಿಗೆ ಎರಡು ವಿಷಯಗಳಿವೆ, ತಲಾ ಒಂದು ಕ್ರೆಡಿಟ್. ಪರೀಕ್ಷೆ ಎಂದರೆ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕುವುದು. ಕರ್ತೃ ಏಕವಚನವಾದರೆ ‘ಈಸ್’, ಬಹುವಚನವಾದರೆ ‘ಆರ್’ ಎಂಬುದಕ್ಕೆ ಸರಿಯಾಗಿಯೇ ಗುರುತು ಹಾಕಿ ಪಾಸಾಗಿದ್ದೆ. ಪೆನ್ನಿಗೆ ಗೊತ್ತಿದ್ದದ್ದು ಬಾಯಿಗೆ ಯಾಕೆ ಗೊತ್ತಾಗಲಿಲ್ಲ?

ಮರುದಿನ ರೂಮಿನಲ್ಲಿ ಇದೇ ಚರ್ಚೆ. ಸುರಪುರದ ಗೆಳೆಯನ ಮನೆಮಾತು ಉರ್ದು. ಗುರುಮಠಕಲ್ ಕಡೆಯ ಇನ್ನೊಬ್ಬನ ಮನೆಯಲ್ಲಿ ತೆಲುಗು. ಇಬ್ಬರೂ ಹಿಂದಿನ ದಿನ ಇದೇ ತಪ್ಪು ಮಾಡಿದ್ದರು. ಒಬ್ಬ ‘ಮೈ ಎಚ್‌ಒಡಿ ಹ್ಯಾವ್ ಟೋಲ್ಡ್’ ಎಂದಿದ್ದ, ಇನ್ನೊಬ್ಬ ‘ಮೈ ಗ್ರ್ಯಾಂಡ್‌ಫಾದರ್ ವೇರ್ ಎ ಟೀಚರ್’ ಎಂದಿದ್ದ. ಉರ್ದುವಿನಲ್ಲಿ ‘ಅಬ್ಬಾ ಆಯೇ ಹೈಂ’, ತೆಲುಗಿನಲ್ಲಿ ‘ನಾನ್ನಗಾರು ವಚ್ಚಾರು’, ನಮ್ಮಲ್ಲಿ ‘ಅಪ್ಪ ಬಂದಾರ’. ಮೂರೂ ಭಾಷೆಯಲ್ಲಿ ಬಂದವರು ಒಬ್ಬರೇ, ಕ್ರಿಯಾಪದ ಮಾತ್ರ ಬಹುವಚನ. ಹಿರಿಯರನ್ನು ಒಬ್ಬರೆಂದು ಎಣಿಸುವುದು ನಮ್ಮ ಕಡೆ ಲೆಕ್ಕದ ಮಾತಲ್ಲ, ಮರ್ಯಾದೆಯ ಮಾತು. ಇಂಗ್ಲಿಷಿನಲ್ಲಿ ‘ಹಿ ಈಸ್’ ಎನ್ನಲು ಹೋದಾಗ ನಾಲಿಗೆ ತಡೆದದ್ದು ವ್ಯಾಕರಣ ಬಾರದೆ ಅಲ್ಲ. ಒಳಗೆ ಇನ್ನೊಂದು ವ್ಯಾಕರಣ ಗಟ್ಟಿಯಾಗಿ ಕೂತಿದ್ದರಿಂದ.

ಆ ಒಳಗಿನ ವ್ಯಾಕರಣ ಎಷ್ಟು ದೊಡ್ಡದು ಎಂದು ನಾವು ಯಾವತ್ತೂ ಎಣಿಸಿರುವುದಿಲ್ಲ. ‘ಬರು’ ಧಾತುವಿನ ಭೂತಕಾಲ ತೆಗೆದುಕೊಳ್ಳಿ. ಬಂದೆ, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂತು, ಬಂದರು, ಬಂದವು. ನಾನು, ನಾವು, ನೀನು, ನೀವು, ಅವನು, ಅವಳು, ಅದು, ಅವರು, ಅವು ಎಂಬ ಒಂಬತ್ತು ಕರ್ತೃಗಳಿಗೆ ಒಂಬತ್ತು ಸ್ಥಾನ. ‘ನಾನು ಬಂದೆ’, ‘ನೀನು ಬಂದೆ’ ಬರಹದಲ್ಲಿ ಒಂದೇ ಆದರೂ ನಮ್ಮ ಕಡೆ ಆಡುವಾಗ ‘ನಾ ಬಂದೆ’, ‘ನೀ ಬಂದಿ’ ಎಂದು ಅವೂ ಬೇರೆಯೇ. ಇಂಗ್ಲಿಷಿನಲ್ಲಿ ಈ ಒಂಬತ್ತಕ್ಕೂ ಒಂದೇ ರೂಪ, ‘ಕೇಮ್’. ವರ್ತಮಾನದಲ್ಲಿ ಎರಡು, ‘ಕಮ್’ ಮತ್ತು ‘ಕಮ್ಸ್’. ಒಂಬತ್ತನ್ನು ಮೂರು ವರ್ಷದ ಮಗುವಾಗಿದ್ದಾಗಲೇ ತಪ್ಪಿಲ್ಲದೆ ಆಡಿದವರು, ಎರಡು ರೂಪದ ಭಾಷೆಯ ಮುಂದೆ ‘ನಮಗೆ ವ್ಯಾಕರಣ ಬರುವುದಿಲ್ಲ’ ಎಂದು ತಲೆ ತಗ್ಗಿಸುತ್ತೇವೆ.

ಹೆಸರುಗಳೂ ನಮ್ಮನ್ನು ಅಡ್ಡದಾರಿಗೆ ಎಳೆಯುತ್ತವೆ. ಕನ್ನಡ ವ್ಯಾಕರಣದಲ್ಲಿ ನಾನು ಎನ್ನುವುದು ಉತ್ತಮ ಪುರುಷ, ನೀನು ಮಧ್ಯಮ ಪುರುಷ, ಅವನು ಪ್ರಥಮ ಪುರುಷ. ಇಂಗ್ಲಿಷಿನಲ್ಲಿ ‘ನಾನು’ ಫಸ್ಟ್ ಪರ್ಸನ್, ‘ಅವನು’ ಥರ್ಡ್ ಪರ್ಸನ್. ಅಂದರೆ ಕನ್ನಡ ಪಿರಿಯಡ್‌ನಲ್ಲಿ ಪ್ರಥಮ ಆಗಿದ್ದವನು ಮುಂದಿನ ಪಿರಿಯಡ್‌ನಲ್ಲಿ ಮೂರನೆಯವನಾಗುತ್ತಾನೆ. ‘ಥರ್ಡ್ ಪರ್ಸನ್ ಸಿಂಗ್ಯುಲರ್‌ಗೆ ಎಸ್ ಹಚ್ಚಬೇಕು’ ಎಂಬ ಒಂದು ಸಾಲನ್ನು ಹೈಸ್ಕೂಲಿನಲ್ಲಿ ನೂರು ಸಲ ಕೇಳಿದ್ದೇನೆ. ಆ ಮೂರನೆಯವನು ನಮ್ಮ ಪ್ರಥಮ ಪುರುಷನೇ ಎಂದು ಯಾರೂ ಹೇಳಿದ ನೆನಪಿಲ್ಲ.

ಈ ‘ಎಸ್’ ಇಂಗ್ಲಿಷ್ ಮನೆಮಾತಿನವರಿಗೂ ಸುಲಭದ್ದಲ್ಲ. ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್ ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಪುಸ್ತಕ ಬರೆದರು. ಆ ಮಕ್ಕಳು ‘ಇಂಗ್’ ಪ್ರತ್ಯಯವನ್ನೂ ಬಹುವಚನದ ‘ಎಸ್’ ಅನ್ನೂ ಬೇಗ ಕಲಿತರು, ಕ್ರಿಯಾಪದದ ಈ ‘ಎಸ್’ ಮಾತ್ರ ಬಹಳ ತಡವಾಗಿ ಬಂತು. ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫೋಕ್ ಕಡೆಯ ಹಳ್ಳಿ ಆಡುಮಾತಿನಲ್ಲಿ ಅದು ಇಲ್ಲವೇ ಇಲ್ಲ, ‘ಹಿ ಗೋ’ ಎಂದೇ ಹೇಳುತ್ತಾರೆ. ಅಲ್ಲಿನ ರೈತ ಹಾಗೆ ಹೇಳಿದರೆ ಆಡುಭಾಷೆ, ಶಹಾಪುರದ ಹುಡುಗ ಹೇಳಿದರೆ ರಿಜೆಕ್ಟ್.

ಇದೊಂದು ವ್ಯಾಕರಣದ ಹರಟೆಯಾಗಿದ್ದರೆ ಈ ಪುಟಕ್ಕೆ ಬರೆಯುತ್ತಿರಲಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಒಂದು ತಪ್ಪಿಗೆ ಅರ್ಧ ಅಂಕ ಕಡಿತ. ‘ತಪ್ಪಿರುವ ಭಾಗ ಗುರುತಿಸಿ’ ಎಂಬ ಪ್ರಶ್ನೆಗಳಲ್ಲಿ ಕರ್ತೃ, ಕ್ರಿಯಾಪದ ಹೊಂದಾಣಿಕೆಗೇ ಹೆಚ್ಚು ಕಣ್ಣು. ಬ್ಯಾಂಕಿನ ಕ್ಲರ್ಕ್ ಪರೀಕ್ಷೆಯ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ. ಉಳಿದ ಭಾಗವನ್ನು ಈಗ ಕನ್ನಡದಲ್ಲೂ ಬರೆಯಬಹುದು, ಆದರೆ ಈ 30ಕ್ಕೆ ವಿನಾಯಿತಿ ಇಲ್ಲ. ಟಿಸಿಎಸ್‌ನ ಎನ್‌ಕ್ಯೂಟಿಯಲ್ಲಿ ವರ್ಬಲ್ ವಿಭಾಗ ಇದೆ. ಕೋಡಿಂಗ್ ಬರುವ ಹುಡುಗನೂ ಮೊದಲು ಈ ಬಾಗಿಲನ್ನು ದಾಟಿಯೇ ಒಳಗೆ ಹೋಗಬೇಕು.

ನಮ್ಮ ಜಿಲ್ಲೆಯ ಸ್ಥಿತಿ ಎಲ್ಲರಿಗೂ ಗೊತ್ತಿದ್ದದ್ದೇ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 50.59 ಪಡೆದು ಕೊನೆಯ ಸ್ಥಾನ. 371(ಜೆ) ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆಗೆ, ಕಾಲೇಜು ಸೀಟಿಗೆ ಆಸರೆಯಾಗಿದೆ, ನಿಜ. ಆದರೆ ಕೇಂದ್ರದ ಪರೀಕ್ಷೆಯಲ್ಲಿ, ಕಂಪನಿಯ ಆನ್‌ಲೈನ್ ಟೆಸ್ಟಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವರಿಗೂ ಸುರಪುರದ ಸರ್ಕಾರಿ ಶಾಲೆಯಲ್ಲಿ ಓದಿದವರಿಗೂ ಒಂದೇ ಕಟ್ ಆಫ್.

ಸಂಖ್ಯೆಯ ವಿಷಯದಲ್ಲೂ ನಮ್ಮ ದಾರಿ ಬೇರೆ. ಐದು ಚೀಲ ಭತ್ತ, ನಾಲ್ಕು ಎಕರೆ ಹೊಲ, ಎರಡು ಎತ್ತು, ಹತ್ತು ರೂಪಾಯಿ. ಸಂಖ್ಯೆ ಹೇಳಿದ ಮೇಲೆ ವಸ್ತುವಿಗೆ ಮತ್ತೆ ‘ಗಳು’ ಹಚ್ಚುವುದು ನಮಗೆ ದಂಡದ ಕೆಲಸ. ಅದಕ್ಕೇ ರೆಸ್ಯೂಮೆಯಲ್ಲಿ ‘ಟೂ ಇಯರ್ ಎಕ್ಸ್‌ಪೀರಿಯನ್ಸ್’, ‘ಥ್ರೀ ಪ್ರಾಜೆಕ್ಟ್’, ‘ಒನ್ ಆಫ್ ಮೈ ಫ್ರೆಂಡ್’. ಇನ್ನೊಂದು ಕಡೆ ಇಂಗ್ಲಿಷಿನ ಬಹುವಚನವನ್ನೇ ಏಕವಚನ ಮಾಡಿಕೊಂಡಿದ್ದೇವೆ. ‘ಒಂದೇ ಒಂದು ಮಾರ್ಕ್ಸ್‌ನಲ್ಲಿ ಹೋಯ್ತಲೇ’ ಎಂದು ಅಳದ ವಿದ್ಯಾರ್ಥಿ ನಮ್ಮ ಹಾಸ್ಟೆಲಿನಲ್ಲಿ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ‘ಒಬ್ಬರು ಲೇಡೀಸ್ ಅದಾರ, ಸೀಟ್ ಬಿಡ್ರಿ’ ಅನ್ನುತ್ತಾರೆ. ಕನ್ನಡದೊಳಗೆ ಬಂದ ಮೇಲೆ ಅದು ಕನ್ನಡದ ಪದ, ಅದರಲ್ಲಿ ತಪ್ಪೇನೂ ಇಲ್ಲ. ಅದನ್ನೇ ವಾಪಸ್ ಇಂಗ್ಲಿಷಿಗೆ ಒಯ್ದಾಗ ಮಾತ್ರ ಪೆಟ್ಟು.

ತಮಾಷೆ ಎಂದರೆ, ಕನ್ನಡವನ್ನು ಪಕ್ಕಕ್ಕೆ ಇಟ್ಟುಕೊಂಡರೆ ಈ ಪ್ರಶ್ನೆಗಳಲ್ಲಿ ಅರ್ಧ ಸಲೀಸಾಗಿ ಬಿಡಿಸಬಹುದು. ನಾವು ಮೂವರೂ ಎರಡು ವಾರ ರೂಮಿನಲ್ಲಿ ಮಾಡಿದ್ದು ಇಷ್ಟೇ. ‘ಒನ್ ಆಫ್ ಮೈ ಫ್ರೆಂಡ್ಸ್’ ಎಂಬಲ್ಲಿ ಕಿವಿಗೆ ಹತ್ತಿರ ಬೀಳುವುದು ‘ಫ್ರೆಂಡ್ಸ್’, ಅದಕ್ಕೇ ಬಾಯಿ ‘ಆರ್’ ಅನ್ನುತ್ತದೆ. ಕನ್ನಡಕ್ಕೆ ತಿರುಗಿಸಿ: ‘ನನ್ನ ಗೆಳೆಯರಲ್ಲಿ ಒಬ್ಬ ಬಂದ’. ಕನ್ನಡದಲ್ಲಿ ಆ ‘ಒಬ್ಬ’ ಕ್ರಿಯಾಪದದ ಮಗ್ಗುಲಲ್ಲೇ ಕೂತಿರುತ್ತಾನೆ, ತಪ್ಪಿಸಿಕೊಳ್ಳಲಾರ. ಅಲ್ಲಿಗೆ ‘ಈಸ್’. ‘ಹತ್ತು ಸಾವಿರ ರೂಪಾಯಿ ಬಂತು’ ಅನ್ನುತ್ತೇವೆ, ‘ಬಂದವು’ ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ಒಟ್ಟು ಮೊತ್ತಕ್ಕೆ ‘ಈಸ್’. ‘ಪೊಲೀಸರು ಬಂದರು’ ಎನ್ನುತ್ತೇವೆ, ಇಂಗ್ಲಿಷಿನಲ್ಲೂ ಪೊಲೀಸಿಗೆ ‘ಆರ್’. ಮೋಸ ಮಾಡುವುದು ‘ಎವ್ರಿವನ್’. ಅದನ್ನು ‘ಎಲ್ಲರೂ’ ಎಂದು ಅರ್ಥ ಮಾಡಿಕೊಂಡರೆ ‘ಆರ್’ ಬರುತ್ತದೆ, ತಪ್ಪಾಗುತ್ತದೆ. ‘ಪ್ರತಿಯೊಬ್ಬ’ ಎಂದುಕೊಂಡರೆ ಸರಿಹೋಗುತ್ತದೆ. ಗೈಡುಗಳಲ್ಲಿ ಇರುವ ನಿಯಮಗಳ ಉದ್ದ ಪಟ್ಟಿಗಿಂತ ಇದು ನಮಗೆ ಬೇಗ ಹತ್ತಿತು.

ಉಳಿದದ್ದು ಮರ್ಯಾದೆಯ ಬಹುವಚನ. ಅದನ್ನು ಬಿಡಿಸಿಕೊಳ್ಳುವುದು ಕಷ್ಟ, ಯಾಕೆಂದರೆ ಅದು ವ್ಯಾಕರಣವಷ್ಟೇ ಅಲ್ಲ.

ನಮ್ಮ ಕಡೆಯ ಮಾತು ಕೇಳಿದ ಬೆಂಗಳೂರಿನ ಗೆಳೆಯರು ‘ಎಷ್ಟು ಗೌರವದ ಭಾಷೆ ನಿಮ್ಮದು, ಮಾತುಮಾತಿಗೂ ರೀ’ ಎಂದು ಹೊಗಳುತ್ತಾರೆ. ಹೌದು, ಬರ್ರಿ, ಕುಂದರ್ರಿ, ಹೌದ್ರಿ, ಇಲ್ಲರಿ. ಆದರೆ ಆ ‘ರೀ’ ಎಲ್ಲರಿಗೂ ಸಿಗುವುದಿಲ್ಲ. ಬಹಳ ಮನೆಗಳಲ್ಲಿ ಅಪ್ಪ ‘ಬಂದಾರ’, ಅವ್ವ ‘ಬಂದಾಳ’. ಅವ್ವನಿಗೆ ‘ನೀ’ ಅನ್ನುವುದು ಪ್ರೀತಿಗೆ ಎನ್ನುತ್ತಾರೆ. ಇರಬಹುದು, ಶರಣರೂ ದೇವರನ್ನು ‘ನೀನು’ ಎಂದೇ ಕರೆದರು. ಆದರೆ ಹೊಲದ ಬದುವಿನ ಮೇಲೆ ನಿಂತು ಹದಿನೈದು ವರ್ಷದ ಹುಡುಗ ಅರವತ್ತು ವರ್ಷದ ಕೂಲಿಯ ಮುದುಕನಿಗೆ ‘ಏ, ನೀ ಯಾಕ ತಡ ಮಾಡ್ದಿ’ ಎಂದು ಕೇಳುವುದು, ಆ ಮುದುಕ ‘ಇಲ್ರೀ ಧಣಿ’ ಎಂದು ಉತ್ತರ ಕೊಡುವುದು ಪ್ರೀತಿಯ ಏಕವಚನವಲ್ಲ. ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂಬುದು ನಮ್ಮ ಊರುಗಳಲ್ಲಿ ವಯಸ್ಸಿನಿಂದ ಮಾತ್ರ ತೀರ್ಮಾನ ಆಗುವುದಿಲ್ಲ. ಜಾತಿ ಯಾವುದು, ಹೊಲ ಎಷ್ಟು ಎಂಬುದು ಕ್ರಿಯಾಪದದ ಕೊನೆಯ ಅಕ್ಷರದಲ್ಲಿ ಕೇಳಿಸುತ್ತದೆ. ಸಂವಿಧಾನ ಬಂದು ಎಪ್ಪತ್ತೈದು ವರ್ಷ ಆದರೂ ಆ ಅಕ್ಷರ ಬಹಳ ಕಡೆ ಬದಲಾಗಿಲ್ಲ.

ತರಬೇತಿಯ ಆ ಘಟನೆಯನ್ನು ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ‘ಇಂಗ್ಲಿಷ್‌ನ್ಯಾಗ ನಿಮಗ ಹಿ ಅನಬೇಕಂತರೀ.’

‘ಹಂಗಂದ್ರ?’

‘ಅವ ಅಂದಂಗರೀ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮತ್ತ ಗೌಡ್ರಿಗೆ ಏನಂತಾರ?’

‘ಅವರಿಗೂ ಹಿ ರೀ.’

‘ಡಿಸಿ ಸಾಹೇಬ್ರಿಗೆ?’

‘ಅವರಿಗೂ ಅದ ರೀ. ಹೆಣ್ಮಕ್ಕಳಿದ್ರ ಶಿ.’

‘ಛಲೋ ಅದಲ್ಲ ಮತ್ತ’ ಎಂದು ಎದ್ದು ಎಮ್ಮೆಗೆ ನೀರು ಇಡಲು ಹೋದರು.

ಇಂಗ್ಲಿಷೇನು ಹುಟ್ಟಿನಿಂದಲೇ ಸಮಾನತೆಯ ಭಾಷೆಯಲ್ಲ. ಅವರಲ್ಲೂ ನೀನು, ನೀವು ಇದ್ದವು. ಒಬ್ಬನಿಗೆ ‘ದೌ’, ಹಲವರಿಗೆ ‘ಯು’. ಮಧ್ಯಯುಗದಲ್ಲಿ ದೊಡ್ಡವರಿಗೆ ಒಬ್ಬರಾದರೂ ‘ಯು’ ಎನ್ನುವ ರೂಢಿ ಬಂತು, ಆಳುಗಳಿಗೆ ‘ದೌ’ ಉಳಿಯಿತು. ಥೇಟ್ ನಮ್ಮ ಹಾಗೆ. 17ನೇ ಶತಮಾನದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ದೇವರ ಮುಂದೆ ಎಲ್ಲರೂ ಒಂದೇ ಎಂದು ನ್ಯಾಯಾಧೀಶರಿಗೂ ‘ದೌ’ ಎನ್ನಲು ಶುರು ಮಾಡಿದರು, ಅದಕ್ಕೆ ಪೆಟ್ಟೂ ತಿಂದರು. ಅವರ ದಾರಿ ಎಲ್ಲರನ್ನೂ ಏಕವಚನಕ್ಕೆ ಇಳಿಸುವುದು. ಭಾಷೆ ಹಿಡಿದದ್ದು ಉಲ್ಟಾ ದಾರಿ. ನಿಧಾನವಾಗಿ ಎಲ್ಲರೂ ‘ಯು’ ಆದರು, ಆಳೂ ಧಣಿಯೂ ಇಬ್ಬರೂ ಬಹುವಚನವಾದರು. ಇವತ್ತು ನಾವು ಒಬ್ಬನಿಗೇ ‘ಯು ಆರ್’ ಎನ್ನುತ್ತೇವಲ್ಲ, ಆ ‘ಆರ್’ ಹಳೆಯ ಮರ್ಯಾದೆಯ ಬಹುವಚನದ ಗುರುತು. ಒಬ್ಬರೇ ಆದಾಗ ‘ಯು ವಾಸ್’ ಎಂದು 18ನೇ ಶತಮಾನದಲ್ಲಿ ಓದಿದವರೂ ಬರೆಯುತ್ತಿದ್ದರು. ಪಾದ್ರಿಯೂ ವ್ಯಾಕರಣಕಾರನೂ ಆಗಿದ್ದ ರಾಬರ್ಟ್ ಲೌತ್ 1762ರ ಪುಸ್ತಕದಲ್ಲಿ ಅದನ್ನು ಘೋರ ತಪ್ಪು ಎಂದು ಖಂಡಿಸಿದ. ಹಾಗಿದ್ದ ಮೇಲೆ ‘ಮೈ ಫಾದರ್ ಆರ್’ ಎಂದ ನನ್ನ ತಪ್ಪು ಇಂಗ್ಲಿಷಿಗೆ ಪೂರಾ ಪರಕೀಯವೇನಲ್ಲ. ಅವರು ಎದುರಿಗಿದ್ದವರಿಗೆ ಮಾಡಿದ್ದನ್ನು ನಾನು ಎದುರಿಗಿಲ್ಲದ ಅಪ್ಪನಿಗೆ ಮಾಡಿದೆ, ಅಷ್ಟೇ.

(ಸುರಪುರದವರಿಗೆ ಟೇಲರ್ ಮಂಜಿಲ್ ಗೊತ್ತು. ಅಲ್ಲಿ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬಾಲಕ ದೊರೆ ವೆಂಕಟಪ್ಪ ನಾಯಕ ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದುದನ್ನು ಬರೆದಿದ್ದಾನೆ. ‘ಯು’ ಎಂಬ ಒಂದೇ ಪದದ ಭಾಷೆಯಿಂದ ಬಂದವನಿಗೆ ನಮ್ಮ ಕಡೆ ಸಿಕ್ಕದ್ದು ಸರ್ವನಾಮವಲ್ಲ, ಸಂಬಂಧ.)

ಈಗ ಇಂಗ್ಲಿಷ್ ಇನ್ನೊಂದು ಹೊರಳು ಹೊರಳುತ್ತಿದೆ. ಅದು ನಮ್ಮ ‘ಅವರು’ ಇರುವ ದಿಕ್ಕಿಗೇ. ಒಬ್ಬ ವ್ಯಕ್ತಿ ಗಂಡೋ ಹೆಣ್ಣೋ ಗೊತ್ತಿಲ್ಲದಾಗ, ಅಥವಾ ಆ ವ್ಯಕ್ತಿ ತನ್ನನ್ನು ಎರಡರಲ್ಲೂ ಗುರುತಿಸಿಕೊಳ್ಳದಾಗ, ಒಬ್ಬರಿಗೇ ‘ದೇ’ ಬಳಸುವುದು. ಇದು ಈಚಿನ ಫ್ಯಾಷನ್ ಅಲ್ಲ. ಆಕ್ಸ್‌ಫರ್ಡ್ ನಿಘಂಟು ಈ ಬಳಕೆಯನ್ನು 14ನೇ ಶತಮಾನದವರೆಗೆ ಹಿಂದಕ್ಕೆ ಒಯ್ಯುತ್ತದೆ. ಅಮೆರಿಕದ ಮೆರಿಯಂ ವೆಬ್‌ಸ್ಟರ್ ನಿಘಂಟು 2019ರ ವರ್ಷದ ಪದವಾಗಿ ಆರಿಸಿದ್ದು ಇದನ್ನೇ. ಸಂಶೋಧನಾ ಪ್ರಬಂಧ ಬರೆಯುವವರು ಪಾಲಿಸುವ ಎಪಿಎ ಕೈಪಿಡಿ ಅದೇ ವರ್ಷದ ಏಳನೇ ಆವೃತ್ತಿಯಲ್ಲಿ ಇದನ್ನು ಒಪ್ಪಿಕೊಂಡಿತು. ಹಾಗಂತ ‘ದೇ ಈಸ್’ ಆಗುವುದಿಲ್ಲ. ವ್ಯಕ್ತಿ ಒಬ್ಬರಾದರೂ ‘ದೇ ಆರ್’.

ಕನ್ನಡದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ‘ಯಾರೋ ಫೋನ್ ಮಾಡಿದ್ದರು, ಅವರ ಹೆಸರು ಕೇಳಲಿಲ್ಲ’ ಎಂದು ದಿನವೂ ಹೇಳುತ್ತೇವೆ. ಮಾಡಿದವರು ಒಬ್ಬರೇ, ಗಂಡೋ ಹೆಣ್ಣೋ ತಿಳಿಯದು, ಕ್ರಿಯಾಪದ ಬಹುವಚನ. ಅಮೆರಿಕದ ವಿಶ್ವವಿದ್ಯಾಲಯಗಳು ಜಗಳ ಮಾಡಿ ಒಪ್ಪಿಕೊಳ್ಳುತ್ತಿರುವ ವಾಕ್ಯ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದೆ. ತೃತೀಯ ಲಿಂಗಿಗಳಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿಯನ್ನು ದೇಶದಲ್ಲೇ ಮೊದಲು ಕೊಟ್ಟದ್ದು ಕರ್ನಾಟಕ, 2021ರಲ್ಲಿ. ಅವರ ಬಗ್ಗೆ ಸುದ್ದಿ ಬರೆಯುವಾಗ ಕನ್ನಡ ಪತ್ರಿಕೆಗೆ ‘ಅವರು’ ಸಾಕಾಗುತ್ತದೆ.

ಕಾನೂನಿನ ಇಂಗ್ಲಿಷ್ ಮಾತ್ರ ಹಳೆಯ ದಾರಿ ಬಿಟ್ಟಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಂ ‘ಹಿ’ ಎಂದರೆ ಗಂಡೂ ಹೌದು ಹೆಣ್ಣೂ ಹೌದು ಎಂದಿತ್ತು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಕಲಂ ಏಕವಚನದಲ್ಲಿ ಬಹುವಚನವೂ, ಬಹುವಚನದಲ್ಲಿ ಏಕವಚನವೂ ಸೇರಿದೆ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಸೇರಿಸಿಕೊಂಡಿತು. ಹೇಗೆ? ‘ಹಿ’ ಎಂಬ ಸರ್ವನಾಮ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಎಲ್ಲರಿಗೂ ಅನ್ವಯ ಎಂದು. ವ್ಯಾಖ್ಯಾನ ದೊಡ್ಡದಾಯಿತು, ಪದ ಬದಲಾಗಲಿಲ್ಲ. ನನ್ನ ಪ್ರಕಾರ ಅಲ್ಲಿ ‘ದೇ’ ಬರಬಹುದಿತ್ತು.

ಭಾಷೆ ತಿದ್ದುವ ಸರ್ಕಾರದ ಇನ್ನೊಂದು ಕೈ ಹೇಗಿದೆ ಎಂಬುದನ್ನು ಕೆಎಎಸ್ ಬರೆದವರು ಮರೆತಿಲ್ಲ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಕೆಪಿಎಸ್‌ಸಿ 2024ರ ಆಗಸ್ಟ್ 27ರಂದು ಪ್ರಿಲಿಮ್ಸ್ ನಡೆಸಿತು. ಪ್ರಶ್ನೆಗಳ ಕನ್ನಡ ಅನುವಾದ ಅರ್ಥವೇ ಆಗದಂತಿದೆ ಎಂದು ಅಭ್ಯರ್ಥಿಗಳು ಹೋರಾಟ ಮಾಡಿದ ಮೇಲೆ ಮರುಪರೀಕ್ಷೆ ಆಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ಕನ್ನಡದ ತಪ್ಪುಗಳು ಇದ್ದವು, ಮತ್ತೆ ಪ್ರತಿಭಟನೆ ನಡೆಯಿತು. ಇಂಗ್ಲಿಷಿನ ಒಂದು ‘ಎಸ್’ ಬಿಟ್ಟುಹೋದರೆ ಯಾದಗಿರಿಯ ಅಭ್ಯರ್ಥಿಗೆ ಅಂಕ ಹೋಗುತ್ತದೆ. ಕನ್ನಡದ ಇಡೀ ವಾಕ್ಯವೇ ಕೆಟ್ಟರೂ ಅಂಕ ಹೋಗುವುದು ಅದೇ ಅಭ್ಯರ್ಥಿಗೆ. ಎರಡೂ ಕಡೆ ದಂಡ ಕಟ್ಟುವವರು ನಾವೇ ಎಂಬುದು ನನಗೆ ಸಿಟ್ಟು ತರಿಸುತ್ತದೆ.

ಮುಂದೇನು ಎಂದರೆ, 2024ರ ರಾಜ್ಯ ಬಜೆಟ್ಟಿನಲ್ಲಿ 2,000 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಕನ್ನಡ, ಇಂಗ್ಲಿಷ್ ದ್ವಿಭಾಷಾ ಮಾಧ್ಯಮದ ಶಾಲೆಗಳನ್ನಾಗಿ ಮಾಡುವುದಾಗಿ ಘೋಷಿಸಲಾಯಿತು. ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ವಿಷಯ ಬಂದದ್ದು 2007ರಲ್ಲಿ. ಅಂದರೆ ನಾನು ಒಂದನೇ ಕ್ಲಾಸಿನಿಂದಲೂ ಇಂಗ್ಲಿಷ್ ಓದಿದವರ ಸಾಲಿನವನೇ. ಹನ್ನೆರಡು ವರ್ಷ ಓದಿಯೂ ಅಪ್ಪನನ್ನು ಬಹುವಚನದಿಂದ ಇಳಿಸಲು ಬರಲಿಲ್ಲ ಎಂದರೆ ಕಡಿಮೆಯಾದದ್ದು ವರ್ಷಗಳಲ್ಲ. ದ್ವಿಭಾಷಾ ಎಂದರೆ ಎಡ ಪುಟದಲ್ಲಿ ಕನ್ನಡ, ಬಲ ಪುಟದಲ್ಲಿ ಇಂಗ್ಲಿಷ್ ಎಂದಷ್ಟೇ ಆದರೆ ನನ್ನ ತಮ್ಮಂದಿರ ಕಥೆಯೂ ಇದೇ ಆಗುತ್ತದೆ. ಎಡ ಪುಟದ ‘ಅವರು’ ಬಲ ಪುಟಕ್ಕೆ ಬರುವಾಗ ಎಲ್ಲಿ ‘ಹಿ’ ಆಗುತ್ತದೆ, ಎಲ್ಲಿ ‘ಶಿ’, ಎಲ್ಲಿ ‘ದೇ’ ಎಂದು ಹೇಳಿಕೊಡುವ ಒಂದು ಪಾಠ ಬೇಕು. ಅದಕ್ಕೆ ಸ್ಮಾರ್ಟ್ ಕ್ಲಾಸ್ ಬೇಡ, ಬೆಂಗಳೂರಿನ ತರಬೇತುದಾರರೂ ಬೇಡ. ಕನ್ನಡ ಮೇಷ್ಟ್ರು, ಇಂಗ್ಲಿಷ್ ಮೇಷ್ಟ್ರು ಒಂದು ಪಿರಿಯಡ್ ಒಂದೇ ಕ್ಲಾಸಿನಲ್ಲಿ ನಿಂತರೆ ಸಾಕು. ಗುರುಮಠಕಲ್ ಕಡೆ ಆದರೆ ತೆಲುಗು ಬಲ್ಲ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಕೆಲಸ ಹುಡುಕುತ್ತಿರುವವರಿಗೆ ಅಷ್ಟು ಕಾಯುವ ಸಮಯ ಇಲ್ಲ, ನನಗೂ ಇಲ್ಲ. ‘ಎವ್ರಿವನ್ ಮಸ್ಟ್ ಬ್ರಿಂಗ್’ ಎಂದು ಬರೆದು ಮುಂದೆ ಖಾಲಿ ಬಿಟ್ಟು ‘ಅಡ್ಮಿಟ್ ಕಾರ್ಡ್’ ಎಂದಿರುವ ಪ್ರಶ್ನೆ ಅಭ್ಯಾಸ ಪತ್ರಿಕೆಗಳಲ್ಲಿ ಪದೇ ಪದೇ ಸಿಗುತ್ತದೆ. ನಾನು ನೋಡಿದ ಗೈಡುಗಳ ಕೀ ಉತ್ತರ ‘ಹಿಸ್’. ‘ದೇರ್’ ಎಂದರೆ ತಪ್ಪು ಎಂದು ಪಕ್ಕದಲ್ಲೇ ವಿವರಣೆ. ಅದೇ ಹೊತ್ತಿಗೆ ಕಂಪನಿಗಳಿಂದ ಬರುವ ಮೇಲುಗಳಲ್ಲಿ ‘ಈಚ್ ಕ್ಯಾಂಡಿಡೇಟ್ ಶುಡ್ ಅಪ್‌ಲೋಡ್ ದೇರ್ ರೆಸ್ಯೂಮೆ’ ಎಂದಿರುತ್ತದೆ. ಹೀಗಾಗಿ ಪರೀಕ್ಷೆಯಲ್ಲಿ ನಾನು ಗುರುತು ಹಾಕುವುದು ‘ಹಿಸ್’ಗೆ. ಕಂಪನಿಯ ಮೇಲಿಗೆ ಉತ್ತರ ಬರೆಯುವಾಗ ‘ದೇರ್’. ಹೋದ ವಾರ ಎರಡನೇ ಅಣಕು ಸಂದರ್ಶನ ಆಯಿತು. ಅಪ್ಪನ ಪ್ರಶ್ನೆ ಮತ್ತೆ ಬಂತು. ‘ಮೈ ಫಾದರ್ ಈಸ್ ಎ ಫಾರ್ಮರ್. ಹಿ ಗ್ರೋಸ್ ಕಾಟನ್ ಇನ್ ಶಹಾಪುರ’ ಎಂದೆ. ‘ಹಿ’ ಎನ್ನುವಾಗ ಒಂದು ಕ್ಷಣ ತಡೆದೆ. ಎದುರಿಗಿದ್ದವರಿಗೆ ಅದು ಗೊತ್ತಾಗಲಿಲ್ಲ, ಮುಂದಿನ ಪ್ರಶ್ನೆ ಕೇಳಿದರು.